ಕೇಳಿಸಿಕೊಳ್ಳುವ ಮನೆಪಾಠ

ಸಂಜೆಯಾಯಿತೆಂದರೆ ನಮ್ಮ ಊರುಗಳಲ್ಲಿ ಇನ್ನೊಂದು ಶಾಲೆ ಶುರುವಾಗುತ್ತದೆ. ಮನೆಯ ಹಜಾರ, ಮಹಡಿಯ ಮೇಲಿನ ಶೀಟಿನ ಕೋಣೆ, ಅಂಗಡಿ ಸಾಲಿನ ಮೇಲಿನ ಬಾಡಿಗೆ ಹಾಲ್, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಮಕ್ಕಳು ಚೀಲ ಬಿಚ್ಚಿ ಕೂರುತ್ತಾರೆ. ಮಗುವನ್ನು ಸೇರಿಸಲು ಬಂದ ತಂದೆ ತಾಯಿ ಫೀಸು ಎಷ್ಟೆಂದು ವಿಚಾರಿಸಿದ ಮೇಲೆ ತಪ್ಪದೆ ಕೇಳುವ ಇನ್ನೊಂದು ಮಾತಿದೆ: "ಒಬ್ಬನಿಗೇ ಹೇಳಿಕೊಡ್ತೀರಾ ಮೇಡಂ, ಇಲ್ಲ ಬ್ಯಾಚಿನಲ್ಲಿ ಕೂರಿಸ್ತೀರಾ?" ಒಬ್ಬನಿಗೇ ಎಂದರೆ ಫೀಸು ಹೆಚ್ಚು, ಪಾಠವೂ ಒಳ್ಳೆಯದು, ಬ್ಯಾಚು ಎಂದರೆ ಫೀಸು ಕಡಿಮೆ, ಪಾಠವೂ ಅಷ್ಟಕ್ಕಷ್ಟೇ ಎಂಬ ಲೆಕ್ಕಾಚಾರ ಆ ಪ್ರಶ್ನೆಯ ಹಿಂದಿದೆ. ಕೇಳುಗರೇ, ಈ ಲೆಕ್ಕಾಚಾರ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಎದುರಿಗೆ ಎಷ್ಟು ಮಕ್ಕಳಿದ್ದಾರೆ ಎಂಬುದಕ್ಕಿಂತ, ಮಗು ಹೇಗೆ ಯೋಚಿಸುತ್ತಿದೆ ಎಂಬುದು ಹೇಳಿಕೊಡುವವರ ಕಿವಿಗೆ ಬೀಳುತ್ತದೆಯೇ, ಬಿದ್ದ ಮೇಲೆ ಪಾಠ ಆ ಕ್ಷಣವೇ ಅದಕ್ಕೆ ತಕ್ಕಂತೆ ತಿರುಗುತ್ತದೆಯೇ ಎಂಬುದರ ಮೇಲೆ ಫಲ ನಿಂತಿದೆ. ಒಬ್ಬ ಹುಡುಗನನ್ನೇ ಕೂರಿಸಿಕೊಂಡು ಒಂದು ಗಂಟೆ ಭಾಷಣ ಮಾಡುವವರಿದ್ದಾರೆ. ಹದಿನೈದು ಮಕ್ಕಳ ನಡುವೆ ಕೂತು ಹದಿನೈದೂ ಮಕ್ಕಳ ಬಾಯಿಂದ ಮಾತು ಹೊರಡಿಸುವವರೂ ಇದ್ದಾರೆ. ಕಲಿಕೆ ಯಾರ ಬಳಿ ಹೆಚ್ಚು ನಡೆಯುತ್ತದೆ ಎಂಬುದಕ್ಕೆ ಕಳೆದ ನಲವತ್ತು ವರ್ಷಗಳಲ್ಲಿ, ಅದರಲ್ಲೂ ನಮ್ಮ ದೇಶದಲ್ಲೇ, ಸಾಕಷ್ಟು ಪುರಾವೆ ಸಿಕ್ಕಿದೆ.

ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠದ ಬಗ್ಗೆ ಮಾತೆತ್ತಿದರೆ ಮೊದಲು ಬರುವ ಹೆಸರು ಶಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಅವರದು. 1984ರಲ್ಲಿ ಅವರು ಪ್ರಕಟಿಸಿದ ಲೇಖನ ಶಿಕ್ಷಣ ಲೋಕದಲ್ಲಿ ದೊಡ್ಡ ಸಂಚಲನ ಉಂಟುಮಾಡಿತು. ಸುಮಾರು ಮೂವತ್ತು ಮಕ್ಕಳ ಮಾಮೂಲಿ ತರಗತಿಯಲ್ಲಿ ಕಲಿತವರನ್ನೂ, ಒಳ್ಳೆಯ ಬೋಧಕರ ಬಳಿ ಬಿಡಿಯಾಗಿ ಕಲಿತವರನ್ನೂ ಅವರ ಸಂಶೋಧನಾ ವಿದ್ಯಾರ್ಥಿಗಳು ಹೋಲಿಸಿ ನೋಡಿದ್ದರು. ಬಿಡಿಯಾಗಿ ಕಲಿತವರಲ್ಲಿ ಸಾಧಾರಣ ಮಟ್ಟದವನೆನಿಸಿದ ವಿದ್ಯಾರ್ಥಿ, ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಯನ್ನು ಮೀರಿಸಿದ್ದ. ಈ ಸಂಖ್ಯೆಯನ್ನು ಜಾಹೀರಾತಿನಂತೆ ಬಳಸಿಕೊಂಡವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಒಂದು, ಬ್ಲೂಮ್ ಹೇಳಿದ ಬಿಡಿ ಪಾಠದಲ್ಲಿ ಒಬ್ಬರಿಗೆ ಒಬ್ಬ ಬೋಧಕ ಇರುವುದೂ ಸೇರಿತ್ತು, ಇಬ್ಬರು ಮೂವರು ಮಕ್ಕಳಿಗೆ ಒಬ್ಬ ಬೋಧಕ ಇರುವುದೂ ಸೇರಿತ್ತು. ಇನ್ನೊಂದು, ಆ ಮಕ್ಕಳಿಗೆ ಆಗಾಗ ಸಣ್ಣ ಪರೀಕ್ಷೆ ಕೊಟ್ಟು, ತಪ್ಪಿದ್ದನ್ನು ಅಲ್ಲಲ್ಲೇ ತಿದ್ದಿ, ಅದು ಗಟ್ಟಿಯಾದ ಮೇಲೆ ಮಾತ್ರ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಇದೇ ಪರೀಕ್ಷೆ ಮತ್ತು ತಿದ್ದುವಿಕೆಯನ್ನು ಮೂವತ್ತು ಮಕ್ಕಳ ತರಗತಿಯಲ್ಲಿ ಅಳವಡಿಸಿದಾಗಲೂ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ 84 ಮಂದಿಯನ್ನು ಮೀರಿಸಿದ. ಅಂದರೆ ಲಾಭದ ಗಣನೀಯ ಪಾಲು ಬಂದದ್ದು ಒಂಟಿಯಾಗಿ ಕೂರುವುದರಿಂದಲ್ಲ, ತಪ್ಪನ್ನು ಹುಡುಕಿ ತಿದ್ದುವುದರಿಂದ. ಆ ಪ್ರಯೋಗಗಳು ನಡೆದದ್ದು ಮೂರು ವಾರಗಳ ಮಟ್ಟಿಗೆ ಎಂಬುದನ್ನೂ ಮರೆಯಬಾರದು. ಮುಂದೆ 2020ರಲ್ಲಿ ಮೂವರು ಸಂಶೋಧಕರು ಶ್ರೀಮಂತ ದೇಶಗಳಲ್ಲಿ ಕಟ್ಟುನಿಟ್ಟಾಗಿ ನಡೆದ 96 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಲ ಅಷ್ಟು ಬೆರಗು ಹುಟ್ಟಿಸುವಂತೆ ಇರಲಿಲ್ಲ. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಸುಮಾರು 14 ಸ್ಥಾನ ಮುಂದೆ ಬರುವಷ್ಟು ಫಲ ಅದು. ಬ್ಲೂಮ್ ಹೇಳಿದ್ದಕ್ಕಿಂತ ತೀರ ಕಡಿಮೆ, ಆದರೆ ಶಾಲೆಗಳಲ್ಲಿ ಮಾಡಿ ನೋಡಿದ ಎಷ್ಟೋ ಸುಧಾರಣೆಗಳಿಗೆ ಹೋಲಿಸಿದರೆ ಬಹಳ ಹೆಚ್ಚು.

ಹತ್ತಿರ ಕೂತು ಹೇಳಿಕೊಟ್ಟರೆ ಏನು ಬದಲಾಗುತ್ತದೆ? ಅಮೆರಿಕದ ಆರ್ಥರ್ ಗ್ರೇಸರ್ ಮತ್ತು ನಟಾಲಿ ಪರ್ಸನ್ 1994ರಲ್ಲಿ ಒಂದು ಸರಳವಾದ ಎಣಿಕೆಯನ್ನು ಮುಂದಿಟ್ಟರು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಬೇಕಾದರೆ ಸರಾಸರಿ ಒಂಬತ್ತು ಗಂಟೆಯ ಪಾಠ ಕಳೆಯುತ್ತದೆ. ಬಿಡಿ ಪಾಠದಲ್ಲಿ ಅದೇ ವಿದ್ಯಾರ್ಥಿ ಗಂಟೆಗೆ 26ಕ್ಕೂ ಹೆಚ್ಚು ಪ್ರಶ್ನೆ ಕೇಳುತ್ತಾನೆ. ಇದೇ ಸಂಶೋಧಕರು ಗಮನಿಸಿದ ಇನ್ನೊಂದು ಸಂಗತಿ ಪ್ರತಿಯೊಬ್ಬ ಮೇಷ್ಟರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು. "ಅರ್ಥ ಆಯ್ತಾ?" ಎಂದು ಕೇಳಿದರೆ "ಇಲ್ಲ ಸಾರ್, ಇದೊಂದು ಗೊತ್ತಾಗಲಿಲ್ಲ" ಎನ್ನುವವರು ಹೆಚ್ಚಾಗಿ ಚೆನ್ನಾಗಿ ಓದುವ ಮಕ್ಕಳು, ಏನೂ ಗೊತ್ತಾಗದವರು ತಲೆಯಾಡಿಸಿಬಿಡುತ್ತಾರೆ. ತನಗೆ ಏನು ಗೊತ್ತಿಲ್ಲ ಎಂಬುದು ಗೊತ್ತಾಗಬೇಕಾದರೂ ಸ್ವಲ್ಪ ಗೊತ್ತಿರಬೇಕು. ಹಾಗಾಗಿ "ಅರ್ಥ ಆಯ್ತಾ" ಎಂಬ ಪ್ರಶ್ನೆಗೆ ಬರುವ "ಹೂಂ" ಎಂಬ ಉತ್ತರವನ್ನು ನಂಬಿ ಮುಂದಿನ ಪುಟ ತಿರುಗಿಸುವ ಮನೆಪಾಠ, ಮಗು ಒಂದೇ ಇದ್ದರೂ, ಎಪ್ಪತ್ತು ಮಕ್ಕಳ ತರಗತಿಗಿಂತ ಭಿನ್ನವಲ್ಲ. ಸಂಶೋಧಕಿ ಮಿಶೆಲಿನ್ ಚೀ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದ ಪ್ರಯೋಗ ಇನ್ನೂ ಮುಂದಕ್ಕೆ ಹೋಗುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ರಕ್ತ ಪರಿಚಲನೆಯ ಪಾಠ. ಬೋಧಕರಲ್ಲಿ ಕೆಲವರಿಗೆ ತಮ್ಮ ಇಷ್ಟದಂತೆ ವಿವರಿಸಲು ಬಿಟ್ಟರು. ಇನ್ನೊಮ್ಮೆ, ವಿವರಣೆಯನ್ನೇ ಕೊಡಬಾರದು, ಮಗುವನ್ನು ಮಾತನಾಡಿಸುತ್ತ ಹೋಗಬೇಕು, "ಆಮೇಲೆ?", "ಅದು ಯಾಕೆ ಹಾಗೆ?", "ನಿನ್ನ ಮಾತಿನಲ್ಲಿ ಹೇಳು" ಎಂಬಷ್ಟೇ ಮಾತು ಆಡಬೇಕು ಎಂದು ಕಟ್ಟು ಹಾಕಿದರು. ಎರಡೂ ಕಡೆ ಮಕ್ಕಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಲಿತರು. ಬೋಧಕರು ಬೆವರು ಸುರಿಸಿ ಕೊಟ್ಟ ವಿವರಣೆ ನಾವು ತಿಳಿದಷ್ಟು ಕೆಲಸ ಮಾಡುತ್ತಿಲ್ಲ ಎಂಬುದು ಇದರ ಅರ್ಥ. ವಿವರಿಸುವುದೇ ಬೇಡ ಎಂದು ನಾನು ಹೇಳಲಾರೆ. ಮಗುವಿಗೆ ತಳಬುಡವೇ ಗೊತ್ತಿಲ್ಲದ ವಿಷಯವನ್ನು ಯಾರಾದರೂ ಹೇಳಿಯೇ ಕೊಡಬೇಕು. ಆದರೆ ಹೇಳಿಕೊಟ್ಟ ಎರಡು ನಿಮಿಷಕ್ಕೆ ಮಗು ಮಾತನಾಡುವ ನಾಲ್ಕು ನಿಮಿಷ ಜೊತೆಯಾಗಬೇಕು.

ಒಂದು ಸಣ್ಣ ಲೆಕ್ಕವನ್ನು ಹತ್ತಿರದಿಂದ ನೋಡೋಣ. ರೇಡಿಯೊ ಕೇಳುತ್ತಿರುವವರು ಒಂದು ಚೀಟಿಯ ಮೇಲೆ ಬರೆದುಕೊಂಡರೆ ಒಳ್ಳೆಯದು. 52ರಲ್ಲಿ 27 ಕಳೆಯಬೇಕು. ಸರಿಯಾದ ಉತ್ತರ 25. ಮೂರನೆಯ, ನಾಲ್ಕನೆಯ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಕೆಂಪು ಇಂಕಿನಲ್ಲಿ ತಪ್ಪು ಗುರುತು ಹಾಕಿ, "ಇನ್ನೊಂದು ಸಲ ಮಾಡು" ಎಂದರೆ ಮತ್ತೆ 35 ಬರುತ್ತದೆ. ಇಲ್ಲಿರುವ ಸೂಕ್ಷ್ಮ ಏನೆಂದರೆ ಈ 35 ಎರಡು ಬೇರೆ ಬೇರೆ ದಾರಿಗಳಿಂದ ಬರಬಹುದು. ಒಂದು ಮಗು ಬಿಡಿಯ ಸ್ಥಾನ ನೋಡುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲಿ ಎರಡು ಕಳೆದು ಐದು ಬರೆಯುತ್ತದೆ, ಐದರಲ್ಲಿ ಎರಡು ಹೋದರೆ ಮೂರು. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂಬ ಮಾತನ್ನು ಅದು ಪ್ರತಿ ಅಂಕಿಗೂ ಹಚ್ಚಿಕೊಂಡಿದೆ. ಇನ್ನೊಂದು ಮಗುವಿಗೆ ಹತ್ತರ ಸ್ಥಾನದಿಂದ ಒಂದನ್ನು ತಂದು ಹನ್ನೆರಡು ಮಾಡಿಕೊಳ್ಳುವುದು ಗೊತ್ತು. ಹನ್ನೆರಡರಲ್ಲಿ ಏಳು ಹೋದರೆ ಐದು. ಆದರೆ ತಂದದ್ದನ್ನು ಹತ್ತರ ಸ್ಥಾನದಲ್ಲಿ ಕಡಿಮೆ ಮಾಡುವುದನ್ನು ಮರೆತು ಐದರಲ್ಲೇ ಎರಡು ಕಳೆದು ಮೂರು ಬರೆಯುತ್ತದೆ. ಉತ್ತರ ಒಂದೇ, ತಪ್ಪು ಎರಡು. ಮೊದಲ ಮಗುವಿಗೆ ಕಡ್ಡಿಯ ಕಟ್ಟು ಬಿಚ್ಚಿ ತೋರಿಸುತ್ತ, ಒಂದು ಹತ್ತು ಎಂದರೆ ಹತ್ತು ಬಿಡಿ ಎಂಬಲ್ಲಿಂದ ಶುರುಮಾಡಬೇಕು. ಎರಡನೆಯ ಮಗುವಿಗೆ ಅದೆಲ್ಲ ಗೊತ್ತಿದೆ. ಐದನ್ನು ಹೊಡೆದು ನಾಲ್ಕು ಬರೆಯುವ ಅಭ್ಯಾಸ ಕೂತರೆ ಸಾಕು. ಇಬ್ಬರನ್ನೂ ಬೇರ್ಪಡಿಸುವುದು ಹೇಗೆ? 53ರಲ್ಲಿ 27 ಕಳೆಯಲು ಕೊಡಿ. ಮೊದಲ ಮಗು 34 ಬರೆಯುತ್ತದೆ, ಎರಡನೆಯದು 36. ಇನ್ನೂ ಸುಲಭದ ಉಪಾಯವೆಂದರೆ, "ಹೇಗೆ ಮಾಡ್ದೆ, ನನಗೂ ಹೇಳ್ಕೊಡು" ಎಂದು ಕೇಳಿ ಸುಮ್ಮನಿರುವುದು. ಓದಿನಲ್ಲೂ ಹೀಗೆಯೇ. 'ಅಕ್ಕ', 'ಅಮ್ಮ', 'ಹಣ್ಣು' ಸರಾಗವಾಗಿ ಓದುವ ಮಗು 'ಪುಸ್ತಕ'ದ ಹತ್ತಿರ ಎಡವುತ್ತದೆ, ಏಕೆಂದರೆ ಅದೇ ಅಕ್ಷರದ ಒತ್ತು ಅದಕ್ಕೆ ರೂಢಿಯಾಗಿದೆ, ಬೇರೆ ಅಕ್ಷರದ ಒತ್ತು ಆಗಿಲ್ಲ. 'ಸೂರ್ಯ' ಎಂಬುದನ್ನು 'ಸೂಯರ' ಎಂದು ಓದಿದ ಮಗು ದಡ್ಡತನ ತೋರಿಸುತ್ತಿಲ್ಲ. ಎಡದಿಂದ ಬಲಕ್ಕೆ ಕಂಡದ್ದನ್ನು ಕಂಡ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದುತ್ತಿದೆ. ಅರ್ಕಾವತ್ತನ್ನು ಮೊದಲು ಉಚ್ಚರಿಸಬೇಕು ಎಂದು ಯಾರೂ ಅದಕ್ಕೆ ಬಿಡಿಸಿ ಹೇಳಿಲ್ಲ ಅಷ್ಟೆ. ಮಗುವಿನ ಬಾಯಿಂದ ಕೇಳದೆ ಇದು ಗೊತ್ತಾಗುವುದಿಲ್ಲ. ಕೇಳದೆ ಕೊಡುವ ಹೆಚ್ಚುವರಿ ಅಭ್ಯಾಸ ನಾಡಿ ಹಿಡಿಯದೆ ಕೊಟ್ಟ ಮದ್ದಿನಂತೆ.

ಇಲ್ಲಿಯವರೆಗೆ ಹೇಳಿದ್ದು ಬಿಡಿ ಪಾಠದ ಪರವಾಗಿಯೇ ಇದೆಯಲ್ಲ ಎಂದು ನಿಮಗೆ ಅನಿಸಬಹುದು. ಗುಂಪಿನ ಕಡೆಯ ಬಲವಾದ ಪುರಾವೆ ನಮ್ಮ ದೇಶದ್ದೇ. ಮುಂಬಯಿಯಲ್ಲಿ ಹುಟ್ಟಿದ 'ಪ್ರಥಮ್' ಸಂಸ್ಥೆ 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತು. ಮೂರು ಮತ್ತು ನಾಲ್ಕನೆಯ ತರಗತಿಯಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ಅದೇ ಬಡಾವಣೆಯ ಯುವತಿಯೊಬ್ಬಳು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿಕೊಂಡು ಓದು, ಬರಹ, ಲೆಕ್ಕದ ಮೂಲಪಾಠ ಹೇಳಿಕೊಡುತ್ತಿದ್ದಳು. ಆಕೆಗೆ ಸಿಕ್ಕಿದ್ದ ತರಬೇತಿ ಕೇವಲ ಎರಡು ವಾರದ್ದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದರ ಫಲವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮಕ್ಕಳ ಅಂಕಗಳು ಸ್ಪಷ್ಟವಾಗಿ ಏರಿದ್ದವು, ಎರಡನೆಯ ವರ್ಷದಲ್ಲಿ ಇನ್ನಷ್ಟು. ಏರಿದ್ದು ಮುಖ್ಯವಾಗಿ ತೀರ ಕೆಳಗಿನ ಹಂತದ ಮಕ್ಕಳದು. ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಬೇರೊಂದು. ಇಪ್ಪತ್ತು ಮಕ್ಕಳು ಎದ್ದುಹೋದ ಮೇಲೆ ಮಾಮೂಲಿ ತರಗತಿಯಲ್ಲಿ ಉಳಿದವರ ಸಂಖ್ಯೆ ಕಡಿಮೆಯಾಯಿತಲ್ಲ, ಅವರಿಗೂ ಲಾಭವಾಗಬೇಕಿತ್ತು. ಆಗಲಿಲ್ಲ. ತರಗತಿ ಚಿಕ್ಕದಾದರೂ ಪಾಠ ಅದೇ ಪಾಠವಾಗಿ, ಅದೇ ವೇಗದಲ್ಲಿ ನಡೆಯಿತು. ಅತ್ತ ಬಾಲಸಖಿಯ ಗುಂಪಿನಲ್ಲೂ ಇಪ್ಪತ್ತು ಮಕ್ಕಳಿದ್ದರು, ಆದರೆ ಪಾಠ ಆ ಮಕ್ಕಳು ನಿಂತಿದ್ದ ಜಾಗದಿಂದ ಹೊರಟಿತ್ತು. ತಲೆ ಎಣಿಕೆಯಿಂದ ಮಾತ್ರ ಏನೂ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗುಂಪಿನಿಂದ ಮಾತ್ರ ಸಾಧ್ಯವಾಗುವ ಒಂದು ಕೆಲಸವೂ ಇದೆ: ಮಕ್ಕಳು ಮಕ್ಕಳಿಗೆ ಕಲಿಸುವುದು. ಇದು ನಮ್ಮ ನೆಲಕ್ಕೆ ಹೊಸದಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸಿಗೆ ಒಂದು ವರದಿ ಕಳಿಸಿದ. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ಅರ್ಥ ತಿಳಿಯದೆ ಉರುಹೊಡೆಯುವ ಪದ್ಧತಿಯನ್ನು ಆತ ಟೀಕಿಸಿದ್ದಾನೆ, ಆ ಟೀಕೆ ಇಂದಿಗೂ ಸಲ್ಲುತ್ತದೆ. ಆದರೆ ಮುಂದಿರುವ ಮಕ್ಕಳು ಹಿಂದಿರುವವರಿಗೆ ಹೇಳಿಕೊಡುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದು ಬರೆದಿದ್ದಾನೆ. ಅನುಕರಿಸಿದವನು ಆಂಡ್ರೂ ಬೆಲ್. ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆತ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿ ನೋಡಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಮುಂದೆ ಇಂಗ್ಲೆಂಡಿನಲ್ಲಿ ಇದು ಏನಾಯಿತು ಎಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಒಂದೇ ದೊಡ್ಡ ಹಜಾರದಲ್ಲಿ ನೂರಾರು ಮಕ್ಕಳನ್ನು ಸಾಲಾಗಿ ಕೂರಿಸಿ, ಮಾನಿಟರ್ ಹೇಳಿದ್ದನ್ನು ಉಳಿದವರು ಒಪ್ಪಿಸುವ ಕವಾಯತಾಗಿ ಅದು ಬೆಳೆಯಿತು. ಅಗ್ಗ ಎಂಬ ಕಾರಣಕ್ಕೆ ಹಬ್ಬಿತು, ಕಲಿಕೆ ತೆಳುವಾಯಿತು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಅಲ್ಲಿನವರೇ ಅದನ್ನು ಕೈಬಿಟ್ಟರು. ಹೇಳುವವನು ಮೇಷ್ಟರಿಂದ ಮಾನಿಟರ್ ಆದ, ಕೇಳಿಸಿಕೊಳ್ಳುವವರು ಯಾರೂ ಉಳಿಯಲಿಲ್ಲ. ಮಕ್ಕಳ ಗುಂಪುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ನೊರೀನ್ ವೆಬ್ ಕಂಡುಕೊಂಡದ್ದೂ ಇದನ್ನೇ. ಗೆಳೆಯನಿಗೆ ಬಿಡಿಸಿ ವಿವರಿಸಿದ ಮಗು ಕಲಿಯುತ್ತದೆ. ಬರೀ ಉತ್ತರ ಪಡೆದ ಮಗುವಿಗೆ ಏನೂ ದಕ್ಕುವುದಿಲ್ಲ. ನಮ್ಮ ಎಷ್ಟೋ ಗುಂಪು ಅಧ್ಯಯನಗಳಲ್ಲಿ ನಡೆಯುವುದು ಈ ಎರಡನೆಯ ಬಗೆಯ ವ್ಯವಹಾರ. ಒಬ್ಬಳು ಬರೆಯುತ್ತಾಳೆ, ಮೂವರು ನೋಡಿಕೊಂಡು ಬರೆಯುತ್ತಾರೆ.

ಗುಂಪು ಕಟ್ಟುವುದರಲ್ಲೇ ಅರ್ಧ ಕೆಲಸವಿದೆ. ಬೇರೆ ಬೇರೆ ಮಟ್ಟದ ಮಕ್ಕಳನ್ನು ವಯಸ್ಸೊಂದೇ ನೋಡಿ ಒಟ್ಟಿಗೆ ಕೂರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ. 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಒಬ್ಬೊಬ್ಬ ಮಗುವನ್ನೇ ಕೂರಿಸಿಕೊಂಡು ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿ ಮಟ್ಟದ ಕಥೆ, ಇಷ್ಟನ್ನು ಓದಿಸುತ್ತಾರೆ. 2022ರಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಕಥೆ ಓದಬಲ್ಲವರು ನೂರಕ್ಕೆ ಸುಮಾರು 43 ಮಾತ್ರ. ಅಂದರೆ ಐದನೆಯ ತರಗತಿಯ ಒಂದೇ ಬೆಂಚಿನಲ್ಲಿ ಅಕ್ಷರ ಹುಡುಕುವ ಮಗುವೂ ಕಥೆ ಓದುವ ಮಗುವೂ ಪಕ್ಕಪಕ್ಕ ಕೂತಿರುತ್ತಾರೆ. ಈ ಪರೀಕ್ಷೆಗೆ ಒಂದು ಹಾಳೆ ಸಾಕು, ಕೆಲವೇ ನಿಮಿಷ ಸಾಕು, ಯಾವ ಮನೆಪಾಠದವರೂ ಮೊದಲ ದಿನ ಮಾಡಬಹುದು. ಅದರ ಆಧಾರದ ಮೇಲೆ ಗುಂಪು ಮಾಡಿದರೆ ಹತ್ತು ಹನ್ನೆರಡು ಮಕ್ಕಳ ಗುಂಪನ್ನೂ ಒಬ್ಬರು ನಿಭಾಯಿಸಬಹುದು. ಮಟ್ಟ ತೀರ ಬೆರೆತಿದ್ದರೆ ನಾಲ್ವರೂ ಹೆಚ್ಚು. ನಮ್ಮ ನಲಿಕಲಿಯನ್ನು ಇಲ್ಲಿ ನೆನೆಯಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿದ್ದಾರೋ ಅದಕ್ಕೆ ತಕ್ಕಂತೆ ಐದು ತಂಡಗಳಲ್ಲಿ ಕೂರುತ್ತಾರೆ. ಒಂದು ತಂಡದ ಜೊತೆ ಶಿಕ್ಷಕರು ಪೂರ್ತಿ ಇರುತ್ತಾರೆ, ಇನ್ನೊಂದಕ್ಕೆ ಆಗಾಗ ನೆರವು, ಮತ್ತೆರಡರಲ್ಲಿ ಸಹಪಾಠಿಗಳ ನೆರವು, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಶಿಕ್ಷಕರ ಸಮಯ ಎಂಬುದು ಎಲ್ಲರಿಗೂ ಸಮನಾಗಿ ಹಂಚಿ ಮುಗಿಸುವ ಪದಾರ್ಥವಲ್ಲ, ಹೊಸ ಪಾಠ ಶುರುಮಾಡಿದ ಮಗುವಿಗೆ ಹೆಚ್ಚು, ಅಭ್ಯಾಸದಲ್ಲಿರುವ ಮಗುವಿಗೆ ಕಡಿಮೆ ಸಲ್ಲಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಇದು ಕಾಗದದ ಮೇಲಿದ್ದಷ್ಟು ಸೊಗಸಾಗಿ ಎಲ್ಲ ಶಾಲೆಗಳಲ್ಲೂ ನಡೆಯುತ್ತಿಲ್ಲ ನಿಜ. ಆದರೂ ತಿಳಿವಳಿಕೆ ಸರಿಯಾದದ್ದು, ಮನೆಪಾಠ ಹೇಳುವವರು ಅದನ್ನು ಇದ್ದಂತೆಯೇ ಎತ್ತಿಕೊಳ್ಳಬಹುದು.

ಮಟ್ಟ ನೋಡಿ ಬೇರೆ ಕೂರಿಸಿದರೆ ಮಕ್ಕಳಿಗೆ ದಡ್ಡರೆಂಬ ಹಣೆಪಟ್ಟಿ ಅಂಟುವುದಿಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜಾತಿ, ಅಂತಸ್ತುಗಳ ಹೆಸರಿನಲ್ಲಿ ಮಕ್ಕಳನ್ನು ಬೇರೆ ಕೂರಿಸಿದ ಚರಿತ್ರೆ ಇರುವ ನಾಡಿನಲ್ಲಿ ಈ ಭಯ ಸಹಜ. ವರ್ಷದ ಆರಂಭದಲ್ಲಿ ಒಮ್ಮೆ ಎ, ಬಿ, ಸಿ ಎಂದು ವಿಂಗಡಿಸಿ, ವರ್ಷವಿಡೀ ಅದೇ ಬೆಂಚಿನಲ್ಲಿ ಉಳಿಸಿದರೆ ಹಣೆಪಟ್ಟಿ ಖಂಡಿತ ಅಂಟುತ್ತದೆ, ಅದಕ್ಕೆ ನನ್ನ ವಿರೋಧವೂ ಇದೆ. ನಾನು ಹೇಳುತ್ತಿರುವ ಗುಂಪು ಒಂದು ಕೌಶಲಕ್ಕೆ, ಕೆಲವು ವಾರಗಳಿಗೆ ಸೀಮಿತವಾದದ್ದು. ಓದಿನಲ್ಲಿ ಹಿಂದಿರುವ ಹುಡುಗ ಲೆಕ್ಕದಲ್ಲಿ ಮುಂದಿರಬಹುದು. ಅವನಿಗೆ ಎರಡು ಗುಂಪು. ಐದಾರು ವಾರಕ್ಕೊಮ್ಮೆ ಮತ್ತೆ ಅದೇ ಹಾಳೆ ಓದಿಸಿ ಗುಂಪು ಬದಲಿಸಬೇಕು. ಇನ್ನೊಂದು ದಿಕ್ಕಿನಿಂದಲೂ ಯೋಚಿಸಬೇಕಿದೆ. ಅಕ್ಷರ ಕೂಡಿಸಲಾರದ ಮಗುವನ್ನು ಐದನೆಯ ತರಗತಿಯ ಪಠ್ಯ ಹಿಡಿಸಿ ಎಲ್ಲರೆದುರು ಎದ್ದು ನಿಲ್ಲಿಸುವುದು ದಿನದಿನದ ಅವಮಾನ, ಅದರಿಂದ ಅಂಟುವ ಹಣೆಪಟ್ಟಿ ಇನ್ನೂ ಗಟ್ಟಿ. ಹಿಂದುಳಿದವರ ಗುಂಪು ಎಂಬ ಹೆಸರೇ ಬೇಡ ಎಂದು ತೋರಿಸಿಕೊಟ್ಟವರು ಗಣಿತ ಬೋಧಕ ಯೂರಿ ಟ್ರೈಸ್ಮನ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಹೆಚ್ಚಾಗಿ ಫೇಲಾಗುತ್ತಿದ್ದರು. ಅವರು ಸೋಮಾರಿಗಳಾಗಿರಲಿಲ್ಲ, ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನಿ ಮೂಲದ ವಿದ್ಯಾರ್ಥಿಗಳು ಜೊತೆಗೂಡಿ, ಒಬ್ಬರ ಲೆಕ್ಕ ಇನ್ನೊಬ್ಬರು ನೋಡಿ, ಜಗಳವಾಡಿ ಕಲಿಯುತ್ತಿದ್ದರು. ಟ್ರೈಸ್ಮನ್ ಪರಿಹಾರ ಬೋಧನೆ ಎಂಬ ಬೋರ್ಡು ಹಾಕದೆ, ಸುಲಭದ ಲೆಕ್ಕ ಕೊಡದೆ, ಕಠಿಣ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಮ್ಮಟ ಕಟ್ಟಿದರು. ಅದೇ ವಿದ್ಯಾರ್ಥಿಗಳ ಫಲಿತಾಂಶ ಗಣನೀಯವಾಗಿ ಮೇಲೇರಿತು. ಗೌರವದಿಂದ ಕೊಟ್ಟ ಕಷ್ಟದ ಕೆಲಸಕ್ಕೆ ಮಕ್ಕಳು ಬೆನ್ನು ತೋರಿಸುವುದಿಲ್ಲ.

ಚೆನ್ನಾಗಿ ಓದುವ ನಮ್ಮ ಮಗು ಬೇರೆಯವರಿಗೆ ಹೇಳಿಕೊಡುತ್ತ ಕೂತರೆ ಅದರ ಸಮಯ ಹಾಳು ಎನ್ನುವ ಪೋಷಕರಿಗೆ ಉತ್ತರ ಸಣ್ಣದು. 1982ರಲ್ಲಿ ಪ್ರಕಟವಾದ, 65 ಅಧ್ಯಯನಗಳ ಒಂದು ವಿಮರ್ಶೆ, ಹೇಳಿಸಿಕೊಂಡ ಮಕ್ಕಳಷ್ಟೇ ಅಲ್ಲ, ಹೇಳಿಕೊಟ್ಟ ಮಕ್ಕಳೂ ಆ ವಿಷಯದಲ್ಲಿ ಮುಂದೆ ಬಂದರು ಎಂದು ತೋರಿಸಿತು. ಆದರೆ ಒಬ್ಬಳೇ ಹುಡುಗಿಯನ್ನು ವರ್ಷವಿಡೀ ಪುಕ್ಕಟೆ ಸಹಾಯಕಿಯಾಗಿ ಬಳಸಿಕೊಳ್ಳುವುದು ಅನ್ಯಾಯ. ಪಾತ್ರ ಬದಲಾಗುತ್ತಿರಬೇಕು, ಲೆಕ್ಕದಲ್ಲಿ ಹೇಳಿಸಿಕೊಂಡವನು ವಿಜ್ಞಾನದ ಚಿತ್ರ ಬಿಡಿಸುವಾಗ ಹೇಳಿಕೊಡುವವನಾಗಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪರೀಕ್ಷೆಯದು. ಎಸ್.ಎಸ್.ಎಲ್.ಸಿ. ಹತ್ತಿರ ಬಂದಾಗ ಪೋರ್ಷನ್ ಮುಗಿಸುವುದೇ ಕಷ್ಟ, ಮಕ್ಕಳು ಮಾತನಾಡುವುದನ್ನು ಕೇಳುತ್ತ ಕೂರಲು ವ್ಯವಧಾನ ಎಲ್ಲಿದೆ? ಈ ಒತ್ತಡ ಎಷ್ಟು ಬಲವಾದದ್ದೆಂದು ಬಿಹಾರದ ಅನುಭವ ಹೇಳುತ್ತದೆ. 2008ರ ಸುಮಾರಿಗೆ ಅಲ್ಲಿನ ಸರ್ಕಾರಿ ಶಿಕ್ಷಕರಿಗೆ ಮಟ್ಟಕ್ಕೆ ತಕ್ಕ ಪಾಠದ ತರಬೇತಿ ಸಿಕ್ಕಿತು. ಬೇಸಿಗೆ ರಜೆಯ ಶಿಬಿರದಲ್ಲಿ ಅದೇ ಶಿಕ್ಷಕರು ಅದನ್ನು ಮಾಡಿದಾಗ ಮಕ್ಕಳ ಓದು ಸುಧಾರಿಸಿತು. ಶಾಲೆ ಶುರುವಾದ ಮೇಲೆ ತರಬೇತಿ, ಸಾಮಗ್ರಿ ಎರಡೂ ಇದ್ದರೂ ಅವರು ಪಠ್ಯಪುಸ್ತಕದ ಹಳೆಯ ಓಟಕ್ಕೆ ಮರಳಿದರು. ಮುಂದೆ ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಕಾಯ್ದಿರಿಸಿ, ಆ ಗಂಟೆಯಲ್ಲಿ ತರಗತಿಯ ಗೋಡೆ ಲೆಕ್ಕಿಸದೆ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಕೂರಿಸಿ, ಮೇಲ್ವಿಚಾರಕರು ಶಾಲೆಗೆ ಬಂದು ಕೈಜೋಡಿಸಿದಾಗ ಸರ್ಕಾರಿ ಶಿಕ್ಷಕರಿಂದಲೇ ಫಲ ಸಿಕ್ಕಿತು. ಶಿಕ್ಷಕರಿಗೆ ಬಾರದ ವಿದ್ಯೆಯಲ್ಲ ಇದು. ಇದಕ್ಕೆ ಅವರಿಗೆ ಸಮಯವನ್ನೂ ಅನುಮತಿಯನ್ನೂ ಕೊಡಬೇಕು. ನಮ್ಮಲ್ಲಿ ನಾಲ್ಕು ಮತ್ತು ಐದನೆಯ ತರಗತಿಗೆ ಬಂದ 'ಓದು ಕರ್ನಾಟಕ' ಇದೇ ಜಾಡಿನದು. ಹತ್ತನೆಯ ತರಗತಿಯ ಹೊತ್ತಿಗೆ ನಾವು ಕೈಗೆ ಕೊಡುವ ಪಾಸಿಂಗ್ ಪ್ಯಾಕೇಜ್ ಮಗುವನ್ನು ದಡ ಮುಟ್ಟಿಸಬಹುದು, ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಐದನೆಯ ತರಗತಿಯಲ್ಲಿ ದಿನಕ್ಕೊಂದು ಗಂಟೆ ಕೊಟ್ಟಿದ್ದರೆ ಎಷ್ಟೋ ಮಕ್ಕಳಿಗೆ ಅದು ಬೇಕಾಗುತ್ತಿರಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಮಾಡಲು ಹೊರಟಾಗ ಈ ಕೆಲಸ ಕೆಡುವುದೂ ಉಂಟು, ಅದನ್ನು ಮುಚ್ಚಿಡಬಾರದು. ಕೊರೊನಾ ಕಾಲದಲ್ಲಿ ಹಿಂದೆ ಬಿದ್ದ ಮಕ್ಕಳಿಗೆಂದು ಇಂಗ್ಲೆಂಡು 2020ರ ಕೊನೆಯಲ್ಲಿ ರಾಷ್ಟ್ರೀಯ ಯೋಜನೆಯೊಂದನ್ನು ಶುರುಮಾಡಿತು. ಮೂರು ಮಕ್ಕಳಿಗೊಬ್ಬ ಬೋಧಕ, ಆಮೇಲೆ ಆರು ಮಕ್ಕಳವರೆಗೂ ಅವಕಾಶ, ಒಟ್ಟು 15 ಗಂಟೆಯ ಪಾಠ. ಅಪಾರ ಹಣ ಸುರಿದರೂ ಮೌಲ್ಯಮಾಪನಗಳು ಕಂಡದ್ದು ಸಣ್ಣ ಫಲ. 2024ರಲ್ಲಿ ಯೋಜನೆ ನಿಂತಿತು. ಹದಿನೈದು ಗಂಟೆ ಎಂದರೆ ಬೋಧಕರಿಗೆ ಮಗುವಿನ ಪರಿಚಯವಾಗುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಶಿಕಾಗೊದ ಪ್ರೌಢಶಾಲೆಗಳಲ್ಲಿ ಇಬ್ಬರಿಗೊಬ್ಬ ಬೋಧಕ, ಪ್ರತಿದಿನ ಒಂದು ಪೀರಿಯಡ್, ಶಾಲೆಯ ವೇಳೆಯಲ್ಲೇ, ವರ್ಷವಿಡೀ ನಡೆದ ಗಣಿತ ಪಾಠ ಮಕ್ಕಳನ್ನು ಬಹಳ ಮುಂದೆ ತಂದಿತ್ತು. ಹಾಗೆಂದು ಹಣವಿಲ್ಲದ ಕಡೆ ಏನೂ ಆಗದು ಎಂದಲ್ಲ. ಅದೇ ಕೊರೊನಾ ಕಾಲದಲ್ಲಿ ಆಫ್ರಿಕದ ಬೋಟ್ಸ್ವಾನಾದಲ್ಲಿ ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಮಾಮೂಲಿ ಫೋನಿನಲ್ಲಿ ಮಗುವಿನೊಡನೆ ಮಾತನಾಡಿ ಲೆಕ್ಕ ಮಾಡಿಸಿದರು. ಬರೀ ಮೆಸೇಜು ಕಳಿಸಿದ ಮನೆಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ, ಫೋನು ಮಾಡಿದ ಮನೆಗಳಲ್ಲಿ ಮಕ್ಕಳ ಲೆಕ್ಕ ಸುಧಾರಿಸಿತು. ಎರಡು ಕಡೆಗೂ ಹೋದ ಲೆಕ್ಕಗಳು ಅವೇ. ಒಂದು ಕಡೆ ಮಗು ಉತ್ತರ ಹೇಳುವುದನ್ನು ಕೇಳಲು ಆ ತುದಿಯಲ್ಲಿ ಮನುಷ್ಯರಿದ್ದರು. 2020ರಲ್ಲಿ ನಮ್ಮ ಶಿಕ್ಷಕರು ವಿದ್ಯಾಗಮದ ಹೆಸರಿನಲ್ಲಿ ವಠಾರಕ್ಕೆ, ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡದ್ದರ ಬೆಲೆಯನ್ನೂ ನಾನು ಹೀಗೆಯೇ ಅರ್ಥಮಾಡಿಕೊಳ್ಳುತ್ತೇನೆ.

ಹಾಗಾದರೆ ಊರಿನಲ್ಲಿ ಇದನ್ನು ಮಾಡುವವರು ಯಾರು, ಹೇಗೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಮನೆಪಾಠ ಮಾಡುವಂತಿಲ್ಲ. ಡಿಗ್ರಿ ಓದುವ ಹುಡುಗ ಹುಡುಗಿಯರು, ಡಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು, ಮನೆಯಲ್ಲೇ ಇರುವ ಓದಿದ ಹೆಣ್ಣುಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಜಾಗ ಕೊಡಬಹುದು. ಆರು ಮಕ್ಕಳು, ಐವತ್ತು ನಿಮಿಷ ಎಂದಿಟ್ಟುಕೊಳ್ಳಿ. ಮೊದಲ ಹತ್ತು ನಿಮಿಷ ಪುಸ್ತಕ ನೋಡದೆ ನಿನ್ನೆಯ ಎರಡು ಲೆಕ್ಕ, ಜೊತೆಗೆ ನಾಲ್ಕು ಸಾಲಿನ ಓದು. ಆಮೇಲೆ ಹದಿನೈದು ನಿಮಿಷ ಹೊಸದನ್ನು ಹೇಳಿಕೊಡುವುದು, ಅದರಲ್ಲೂ ಅರ್ಧ ಪಾಲು ಮಕ್ಕಳ ಮಾತಿರಲಿ. ಮುಂದಿನ ಇಪ್ಪತ್ತು ನಿಮಿಷ ಮಕ್ಕಳು ಜೋಡಿಯಾಗಿ ಕೂತು ಲೆಕ್ಕ ಬಿಡಿಸಲಿ: ಒಬ್ಬರು ಮಾಡುತ್ತ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು "ಯಾಕೆ?" ಎಂದು ಕೇಳಬೇಕು, ಉತ್ತರ ಮಾತ್ರ ಹೇಳಿಕೊಡಬಾರದು. ಆ ಇಪ್ಪತ್ತು ನಿಮಿಷದಲ್ಲಿ ಹೇಳಿಕೊಡುವವರು ದಿನಕ್ಕಿಬ್ಬರಂತೆ ಮಕ್ಕಳನ್ನು ಪಕ್ಕಕ್ಕೆ ಕರೆದು ಒಬ್ಬೊಬ್ಬರ ಲೆಕ್ಕ, ಓದು ಕೇಳಲಿ. ಮೂರು ದಿನಕ್ಕೆ ಆರೂ ಮಕ್ಕಳ ಸರದಿ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದು ಪುಟ. ಅಲ್ಲಿ ಅಂಕ ಬರೆಯುವುದು ಬೇಡ, ಎಲ್ಲಿ ಎಡವಿತು ಎಂಬುದನ್ನು ಬರೆಯಬೇಕು: 'ತಂದ ಹತ್ತನ್ನು ಕಳೆಯುವುದಿಲ್ಲ', 'ಅರ್ಕಾವತ್ತು ಹಿಂದುಮುಂದು'. ಉಳಿದ ಐದು ನಿಮಿಷದಲ್ಲಿ ಪ್ರತಿ ಮಗುವೂ ತಾನೊಂದೇ ಒಂದು ಲೆಕ್ಕ ಮಾಡಿ ತೋರಿಸಲಿ, ಗುಂಪಿನ ಮರೆಯಲ್ಲಿ ಯಾರೂ ಉಳಿಯದಂತೆ.

ಎರಡು ತಿಂಗಳು ಹೀಗೆ ನಡೆದರೂ ಪುಟದ ಮೇಲಿನ ಮಾತು ಬದಲಾಗದ ಮಗು ಗುಂಪಿಗೊಂದಾದರೂ ಇರುತ್ತದೆ. ಆಗ ಪಾಠವನ್ನು ಇನ್ನೂ ಹೆಚ್ಚು ಹೊತ್ತು ಹೇರುವುದಕ್ಕಿಂತ ಬೇರೆ ಕಡೆ ನೋಡಬೇಕು. ಕಣ್ಣು ಮಸುಕಾಗಿರಬಹುದು, ಕಿವಿ ಸೋರುತ್ತಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬರುವ ದಿನ ಆ ಮಗುವನ್ನು ತಪ್ಪದೆ ತೋರಿಸಬೇಕು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಗುವಾಗಿದ್ದರೆ ತೊಡಕು ಅಕ್ಷರದಲ್ಲಿ ಇಲ್ಲದೆಯೂ ಇರಬಹುದು, ಅಕ್ಷರ ಕೂಡಿಸಿ ಬಂದ ಪದವನ್ನು ಅದು ಯಾವತ್ತೂ ಕಿವಿಯಲ್ಲಿ ಕೇಳಿರಲಿಕ್ಕಿಲ್ಲ. ಅಂಥ ಮಗುವಿಗೆ ಕೆಲವು ವಾರ ಓದು ಬದಿಗಿಟ್ಟು, ಕನ್ನಡ ಮಾತನಾಡುವ ಇಬ್ಬರು ಮೂವರು ಮಕ್ಕಳ ಜೊತೆ ಚಿತ್ರ ನೋಡಿ ಕಥೆ ಹೇಳುವ, ಆಟದ ನಿಯಮ ವಿವರಿಸುವ ಗುಂಪು ಬೇಕು. ಒಂಟಿಯಾಗಿ ಕೂರಿಸಿ ಎಷ್ಟು ಹಣ ಕೊಟ್ಟು ಪಾಠ ಹೇಳಿಸಿದರೂ ಆ ಮಗುವಿಗೆ ಸಿಗದದ್ದು ಆ ಗುಂಪಿನಲ್ಲಿ ಸಿಗುತ್ತದೆ.